ಲಂಗರು ಹಡಗನ್ನು ಹಿಡಿದಿಡುವುದು ತನ್ನ ಭಾರದಿಂದಲೇ?

ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೋದವರು ಗುಡಿಯ ಎದುರಿನ ಹರಿದ್ರಾತೀರ್ಥ ಹೊಂಡವನ್ನು ನೋಡಿರುತ್ತಾರೆ. ಬಾಳೆಕಂಬದ ತೆಪ್ಪದಲ್ಲಿ ಕೂಸುಗಳನ್ನು ಕೂರಿಸಿ ನೀರಿನ ಮೇಲೆ ಸಾಗಿಸುವ ಹರಕೆ ಇಲ್ಲಿದೆ. ಆ ತೆಪ್ಪಕ್ಕೆ ಲಂಗರು ಬೇಕಿಲ್ಲ. ಹೊಂಡದ್ದು ನಿಂತ ನೀರು, ದಡವೂ ಹತ್ತಿರ. ತೆಪ್ಪದೊಳಗೆ ನೀರು ತುಂಬುವ ಭಯವೂ ಇಲ್ಲ. ಬಾಳೆಕಂಬದ ತುಂಬ ಗಾಳಿ ತುಂಬಿದ ಸಣ್ಣ ಸಣ್ಣ ಗೂಡುಗಳಿವೆ. ಒಂದು ಗೂಡಿಗೆ ನೀರು ಹೊಕ್ಕರೂ ಉಳಿದವು ತೇಲಿಸುತ್ತವೆ.

ಸಮುದ್ರಕ್ಕಿಳಿಯುವ ಹಾಯಿದೋಣಿಯ ಕಥೆ ಬೇರೆ. ಗೋವಾದಲ್ಲಿ ಕಟ್ಟಿದ, ಸುಮಾರು 17 ಮೀಟರ್ ಉದ್ದದ ‘ತಾರಿಣಿ’ಯಲ್ಲಿ ನೌಕಾಪಡೆಯ ಆರು ಮಹಿಳೆಯರು 2017-18ರಲ್ಲಿ ಭೂಮಿಯನ್ನೇ ಸುತ್ತಿ ಬಂದದ್ದು ನಿಮಗೆ ನೆನಪಿರಬಹುದು. ಇಂಥ ದೋಣಿ ದಡದ ಬಳಿ ನಿಲ್ಲಬೇಕಾದರೆ ಅದನ್ನು ಕಾಯುವುದು ಮೂತಿಯಲ್ಲಿರುವ ಲಂಗರು, ಅದರ ಸರಪಳಿ, ಮತ್ತು ಸರಪಳಿಯನ್ನು ತುಂಬಿಡುವ ಲಾಕರ್. ಈ ಮೂರರ ಬಗ್ಗೆಯೂ ಕೆಲವು ತಪ್ಪು ತಿಳಿವಳಿಕೆಗಳಿವೆ. ಒಂದೊಂದಾಗಿ ನೋಡೋಣ.

ನಂಬಿಕೆ 1: ಲಂಗರು ಭಾರವಾಗಿದ್ದಷ್ಟೂ ದೋಣಿ ಗಟ್ಟಿಯಾಗಿ ನಿಲ್ಲುತ್ತದೆ

ಇದು ಅರ್ಧ ಸತ್ಯ. ಹಲವು ಟನ್ ತೂಗುವ ಹಾಯಿದೋಣಿಯನ್ನು ಇಪ್ಪತ್ತು-ಇಪ್ಪತ್ತೈದು ಕಿಲೋ ಲಂಗರು ಹಿಡಿದಿಡುತ್ತದೆ. ಬರೀ ಭಾರದ ಲೆಕ್ಕವಾದರೆ ಇದು ಸಾಧ್ಯವೇ ಇಲ್ಲ. ಒಳ್ಳೆಯ ಮರಳಿನಲ್ಲಿ ಹೂತ ಲಂಗರು ತನ್ನ ತೂಕದ ಹತ್ತಾರು ಪಟ್ಟು ಎಳೆತವನ್ನು ತಡೆಯುತ್ತದೆ. ಅದನ್ನು ಹಿಡಿದಿರುವುದು ಅದರ ಮೇಲಿನ ಮತ್ತು ಮುಂದಿನ ಮಣ್ಣು.

ಹೊಲದಲ್ಲಿ ರಂಟೆ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎತ್ತುಗಳು ನೆಲಕ್ಕೆ ಸಮನಾಗಿ ಎಳೆದರೆ ರಂಟೆ ಮಣ್ಣಿನೊಳಗೆ ಇಳಿಯುತ್ತದೆ. ಎಳೆತ ಮೇಲ್ಮುಖವಾದರೆ ಕಿತ್ತು ಬರುತ್ತದೆ. ದ್ರವಗಳ ಚಲನೆಯ ಅಧ್ಯಯನಕ್ಕೆ ಹೆಸರಾದ ಬ್ರಿಟಿಷ್ ಭೌತವಿಜ್ಞಾನಿ ಜಿ. ಐ. ಟೇಲರ್ 1933ರಲ್ಲಿ ಒಂದು ಲಂಗರನ್ನು ರೂಪಿಸಿದರು. ಅದರ ಆಕಾರ ನೇಗಿಲಿನದೇ! ಸಿಕ್ಯುಆರ್ ಎಂಬ ಹೆಸರಿನ ಆ ಲಂಗರು ಇಂದಿಗೂ ಬಳಕೆಯಲ್ಲಿದೆ.

ಹಾಗಾದರೆ ಎಳೆತ ನೆಲಕ್ಕೆ ಸಮನಾಗಿರಲು ಏನು ಮಾಡಬೇಕು? ಸರಪಳಿಯನ್ನು ಉದ್ದ ಬಿಡಬೇಕು. ನೀರಿನ ಆಳ 6 ಮೀಟರ್, ನೀರಿನಿಂದ ದೋಣಿಯ ಮೂತಿಯ ಎತ್ತರ 1 ಮೀಟರ್, ಉಬ್ಬರಕ್ಕೆ ಏರುವ ನೀರು 1 ಮೀಟರ್ ಎಂದುಕೊಳ್ಳಿ. ಒಟ್ಟು 8 ಮೀಟರ್. ಪೂರ್ತಿ ಸರಪಳಿಯಾದರೆ ಇದರ ಐದು ಪಟ್ಟು, ಅಂದರೆ 40 ಮೀಟರ್ ಬಿಡುವುದು ರೂಢಿ. ಹಗ್ಗವೇ ಹೆಚ್ಚಿದ್ದರೆ ಏಳು ಪಟ್ಟು, 56 ಮೀಟರ್. ಬಿಗಿಯಾಗಿ ಎಳೆದಾಗ ಮೂರು ಪಟ್ಟು ಉದ್ದದ ಹಗ್ಗ ನೆಲದೊಂದಿಗೆ ಸುಮಾರು 19 ಡಿಗ್ರಿ ಕೋನ ಮಾಡಿದರೆ, ಏಳು ಪಟ್ಟು ಉದ್ದದ್ದು ಸುಮಾರು 8 ಡಿಗ್ರಿ ಮಾತ್ರ.

ಸಾಧಾರಣ ಗಾಳಿಯಲ್ಲಿ ಸರಪಳಿಯ ಭಾರವೂ ನೆರವಾಗುತ್ತದೆ. ಅದು ನೆಲಕ್ಕೆ ಜೋತು ಬಿದ್ದು ಎಳೆತವನ್ನು ತಗ್ಗಿನಲ್ಲಿಡುತ್ತದೆ. ಆದರೆ ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಬಿರುಗಾಳಿಯಲ್ಲಿ ಸರಪಳಿ ತಂತಿಯಂತೆ ಬಿಗಿದು ನೆಟ್ಟಗಾಗುತ್ತದೆ. ಆಗ ಉಳಿಯುವುದು ಉದ್ದ ಮತ್ತು ಮಣ್ಣಿನ ಹಿಡಿತ ಮಾತ್ರ. ಅದೂ ತಪ್ಪಿದರೆ ಏನಾಗುತ್ತದೆ ಎಂಬುದನ್ನು 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ತೋರಿಸಿತು. ಮುಂಬೈ ಬಳಿಯ ಸಮುದ್ರದಲ್ಲಿ 261 ಜನರಿದ್ದ ಪಿ-305 ಬಾರ್ಜ್ ಲಂಗರುಗಳ ಹಿಡಿತ ಕಳೆದುಕೊಂಡು ತೇಲಿಹೋಗಿ ಮುಳುಗಿತು. ಎಪ್ಪತ್ತಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡರು.

ನಂಬಿಕೆ 2: ದೋಣಿಗೆ ತೂತು ಇರಲೇಬಾರದು

ಲಂಗರಿನ ಲಾಕರ್‌ಗೆ ತೂತು ಬೇಕೇ ಬೇಕು. ಮೇಲೆತ್ತಿದ ಸರಪಳಿಯ ಜೊತೆ ನೀರು, ಕೆಸರು, ಪಾಚಿ ಎಲ್ಲವೂ ಬರುತ್ತವೆ. ಅಲೆ ಹೊಡೆದಾಗ ಮೇಲಿನ ಮುಚ್ಚಳದ ಸಂದಿನಿಂದಲೂ ನೀರು ಇಳಿಯುತ್ತದೆ. ಅದು ಹೊರಹೋಗಲೆಂದೇ ಲಾಕರ್‌ನ ತಳದಲ್ಲಿ, ದೋಣಿಯ ಪಕ್ಕಕ್ಕೆ ತೆರೆದುಕೊಳ್ಳುವ ತೂತು ಇರುತ್ತದೆ. ಇದು ಸುರಕ್ಷಿತವಾಗಿರಲು ಎರಡು ಷರತ್ತುಗಳಿವೆ. ತೂತು ನೀರಿನ ಮಟ್ಟಕ್ಕಿಂತ ಮೇಲಿರಬೇಕು. ಲಾಕರ್ ಮತ್ತು ಒಳಕೋಣೆಯ ನಡುವಿನ ಗೋಡೆ ನೀರು ಸೋರದಂತಿರಬೇಕು. ಲಾಕರ್‌ನ ತಳ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ತೂತು ಕೆಲಸಕ್ಕೆ ಬರುವುದಿಲ್ಲ, ಪಂಪೇ ಬೇಕು.

ತೂತು ಕೆಸರಿನಿಂದ ಕಟ್ಟಿಕೊಂಡರೆ? ಒಂದು ಘನ ಮೀಟರಿನ ಕಾಲು ಭಾಗದಷ್ಟು ಸಮುದ್ರದ ನೀರು ನಿಂತರೂ ಅದರ ತೂಕ 250 ಕಿಲೋ ದಾಟುತ್ತದೆ. ಅಂದರೆ ನಾಲ್ಕೈದು ಜನ ಸದಾ ಮೂತಿಯ ಮೇಲೆ ಕುಳಿತಂತೆ. 10 ಮಿಲಿಮೀಟರ್ ದಪ್ಪದ 60 ಮೀಟರ್ ಸರಪಳಿಯ ಭಾರವೇ ಅಲ್ಲಿ ಸುಮಾರು 135 ಕಿಲೋ ಇರುತ್ತದೆ. ಮೂತಿ ತಗ್ಗಿದಂತೆ ದೋಣಿ ಅಲೆಯನ್ನು ಏರುವ ಬದಲು ಅಲೆಯೊಳಗೆ ನುಗ್ಗುತ್ತದೆ, ಇನ್ನಷ್ಟು ನೀರು ಬರುತ್ತದೆ. ತೂತು ನೀರಿನ ಮಟ್ಟಕ್ಕಿಳಿದರೆ ಹೊರಹೋಗುವ ದಾರಿಯೇ ಒಳಬರುವ ದಾರಿಯಾಗುತ್ತದೆ.

ಪರಿಹಾರ ದುಬಾರಿಯದಲ್ಲ. ಸರಪಳಿ ಮೇಲೆ ಬರುವಾಗಲೇ ಅದನ್ನು ತೊಳೆಯಬೇಕು. ತಳಕ್ಕೆ ರಂಧ್ರಗಳಿರುವ ಚಾಪೆ ಹಾಸಿ ಸರಪಳಿಯನ್ನು ತೂತಿನಿಂದ ಎತ್ತರದಲ್ಲಿಡಬೇಕು. ಆಗಾಗ ಒಂದು ಬಕೆಟ್ ನೀರು ಸುರಿದು ಹೊರಗೆ ಹರಿಯುತ್ತದೆಯೇ ನೋಡಬೇಕು. ಸರಪಳಿಯ ಕೊನೆಯ ತುದಿಯನ್ನು ಲಾಕರ್‌ಗೆ ಗಟ್ಟಿ ಹಗ್ಗದಿಂದ ಕಟ್ಟಬೇಕು. ಆಪತ್ತಿನಲ್ಲಿ ಲಂಗರು ಬಿಟ್ಟೋಡಬೇಕಾದರೆ ಹಗ್ಗವನ್ನು ಚಾಕುವಿನಿಂದ ಕತ್ತರಿಸಬಹುದು, ಕಬ್ಬಿಣದ ಕೊಂಡಿಯನ್ನು ಕತ್ತರಿಸಲಾಗದು.

ನಂಬಿಕೆ 3: ಕೆಟ್ಟ ವಾಸನೆ ಇಲ್ಲದಿದ್ದರೆ ಒಳಗಿನ ಗಾಳಿ ಒಳ್ಳೆಯದು

ಇದು ಜೀವ ತೆಗೆಯುವ ನಂಬಿಕೆ. ಕಬ್ಬಿಣ ತುಕ್ಕು ಹಿಡಿಯುವುದೆಂದರೆ ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿಕೊಳ್ಳುವುದು. ತೇವ ಮತ್ತು ಉಪ್ಪು ಇದನ್ನು ಚುರುಕುಗೊಳಿಸುತ್ತವೆ. ದೊಡ್ಡ ಹಡಗುಗಳ ಮುಚ್ಚಿದ ಸರಪಳಿ ಲಾಕರ್‌ನಲ್ಲಿ ಆಮ್ಲಜನಕ ಸಹಜವಾದ 21 ಶೇಕಡಾದಿಂದ ಮಾರಕ ಮಟ್ಟಕ್ಕೆ ಇಳಿದುಬಿಡಬಹುದು. 2007ರ ಸೆಪ್ಟೆಂಬರ್‌ನಲ್ಲಿ ಉತ್ತರ ಸಮುದ್ರದಲ್ಲಿ ‘ವೈಕಿಂಗ್ ಐಲೇ’ ಹಡಗಿನ ಲಾಕರ್‌ಗೆ, ಬಡಿದುಕೊಳ್ಳುತ್ತಿದ್ದ ಸರಪಳಿಯನ್ನು ಕಟ್ಟಲು ನಾವಿಕರು ಇಳಿದರು. ಇಳಿದವರು ಕುಸಿದರು, ನೆರವಿಗೆ ಹೋದವರೂ ಕುಸಿದರು. ಒಟ್ಟು ಮೂವರು ಸತ್ತರು. ವಿಪರ್ಯಾಸವೆಂದರೆ ಅದು ಇತರರನ್ನು ರಕ್ಷಿಸಲೆಂದೇ ಇದ್ದ ಹಡಗು.

ಅಪಾಯ ಅವರಿಗೆ ಏಕೆ ತಿಳಿಯಲಿಲ್ಲ? ನಮಗೆ ಉಸಿರುಗಟ್ಟಿದ ಅನುಭವವಾಗುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಏರಿದಾಗ. ಆಮ್ಲಜನಕ ಮಾತ್ರ ಇಳಿದರೆ ಮೈ ಎಚ್ಚರಿಸುವುದೇ ಇಲ್ಲ. ಎರಡು-ಮೂರು ಉಸಿರಿಗೇ ಪ್ರಜ್ಞೆ ತಪ್ಪಬಹುದು.

ನಮ್ಮ ಸೀಮೆಯ ಹಿರಿಯರಿಗೆ ಇದು ಹೊಸದಲ್ಲ. ಜೋಳ ತುಂಬಿಡುವ ಹಗೇವಿನಲ್ಲೂ ಇದೇ ಅಪಾಯವಿದೆ. ಅಲ್ಲಿ ತುಕ್ಕಿನ ಬದಲು ಕಾಳು, ಹುಳು, ಬೂಷ್ಟು ಉಸಿರಾಡಿ ಆಮ್ಲಜನಕವನ್ನು ಮುಗಿಸುತ್ತವೆ. ಹಗೇವಿನ ಬಾಯಿ ತೆರೆದು ಹೊತ್ತು ಕಾದು, ಕಂದೀಲು ಇಳಿಬಿಟ್ಟು ನೋಡಿ ಆಮೇಲೆ ಇಳಿಯುವುದು ಅದಕ್ಕೇ. ಆದರೆ ಕಂದೀಲು ಪೂರ್ತಿ ಭರವಸೆಯ ಪರೀಕ್ಷೆಯಲ್ಲ. ವಿಷಾನಿಲವಿದ್ದರೂ ದೀಪ ಉರಿಯಬಹುದು, ಉರಿಯುವ ಅನಿಲವಿದ್ದರೆ ಸ್ಫೋಟವೇ ಆಗಬಹುದು. ಗಾಳಿಯನ್ನು ಅಳೆಯುವ ಮೀಟರ್ ಮತ್ತು ಚೆನ್ನಾಗಿ ಗಾಳಿಯಾಡಿಸುವುದೇ ಸರಿಯಾದ ದಾರಿ.

ಸಣ್ಣ ಹಾಯಿದೋಣಿಯ ಲಾಕರ್ ಮೇಲಿನಿಂದ ತೆರೆಯುವಂಥದ್ದು, ಅದರೊಳಗೆ ಮನುಷ್ಯ ಇಳಿಯುವುದು ಅಪರೂಪ. ಹಾಗಾಗಿ ಅಲ್ಲಿ ಈ ಅಪಾಯ ಕಡಿಮೆ. ಆದರೆ ಹಗೇವು, ಹಾಳುಬಾವಿ, ಮ್ಯಾನ್‌ಹೋಲ್‌ಗಳು ನಮ್ಮ ಸುತ್ತಲೇ ಇವೆ. ಒಳಗಿಳಿದವರು ಕುಸಿದರೆ ಹಿಂದೆಯೇ ಇಳಿಯಬೇಡಿ. 112ಕ್ಕೆ ಕರೆ ಮಾಡಿ, ಹೊರಗಿನಿಂದಲೇ ಹಗ್ಗ ಹಾಕಿ ಎಳೆಯಲು ನೋಡಿ, ಒಳಕ್ಕೆ ಗಾಳಿ ಹಾಯಿಸಿ. ಇಳಿಯುವ ಮುಂಚೆಯೇ ಸೊಂಟಕ್ಕೆ ಹಗ್ಗ ಕಟ್ಟಿ ಅದರ ತುದಿಯನ್ನು ಮೇಲಿದ್ದವರ ಕೈಗೆ ಕೊಡುವುದು ಎಲ್ಲಕ್ಕಿಂತ ಉತ್ತಮ.