ನಿಂತ ಪಯಣ
ಪಯಣ ಕೆಟ್ಟಾಗ ‘ಇನ್ನೂ ಕೆಡಬಹುದಿತ್ತು’ ಎಂದು ಸಮಾಧಾನಪಟ್ಟುಕೊಳ್ಳುವುದು ನಮ್ಮಲ್ಲಿ ರೂಢಿ. ಅದನ್ನು ಕೃತಜ್ಞತೆಯೆನ್ನಲು ನಾನೊಪ್ಪೆ.

2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು, 57 ಸುರಂಗಗಳ ಸಕಲೇಶಪುರ–ಸುಬ್ರಹ್ಮಣ್ಯ ರೈಲುದಾರಿಯೂ ಶಿರಾಡಿಯ ರಸ್ತೆಯೂ ಮುಚ್ಚಿಹೋದುವು. ಕಡಲನ್ನೇ ಕಾಣದ ತಾಯಿಯನ್ನು ಮಂಗಳೂರಿಗೆ ಕರೆದೊಯ್ಯುತ್ತಿದ್ದ ನಾವು ಸಕಲೇಶಪುರದಲ್ಲಿ ಎರಡು ದಿನ ತಂಗಬೇಕಾಯಿತು. ಅದೇ ತಿಂಗಳು ಕೊಡಗಿನಲ್ಲಿ ಮನೆಗಳು ಮನುಷ್ಯರೊಡನೆ ಮಣ್ಣುಪಾಲಾದುವು. ಆ ದುಃಖವನ್ನು ನಮ್ಮ ಕ್ಷೇಮದ ಅಳತೆಗೋಲಾಗಿಸುವುದು ಸಲ್ಲದು.

ನಾನು ಋಣಿಯಾಗಿರುವುದು ಬೇರೊಂದಕ್ಕೆ. ಹೊರಗೆ ಹೇಮಾವತಿ ಕೆಂಪಾಗಿ ಹರಿಯುತ್ತಿರಲು, ಮನೆಗೆಲಸದ ನಡುವೆ ಎರಡು ಮಾತಿಗೂ ಬಿಡುವು ಕಾಣದ ಆಕೆ ತನ್ನ ತವರಿನ ಕೆರೆಯ ಕಥೆಯನ್ನೂ, ಬಾಲ್ಯದಲ್ಲೇ ಅದರಲ್ಲಿ ಮುಳುಗಿಹೋದ ತಮ್ಮನ ಹೆಸರನ್ನೂ ಮೊದಲ ಬಾರಿಗೆ ನಮಗೆ ಹೇಳಿದಳು. ಕಡಲನ್ನು ಆಕೆ ಕೊನೆಗೂ ಕಾಣಲಿಲ್ಲ. ನನ್ನ ತಂಗಿಯ ಮಗನಿಗೆ ಈಗ ಆ ಹೆಸರಿದೆ.