ಮಾಯಾಲೋಕದ ಕತೆಗಳು ಮತ್ತು ನಮ್ಮ ಮಕ್ಕಳು

ಕೆಲವು ಭಾನುವಾರಗಳ ಹಿಂದಿನ ಮಾತು. ಬಲಿಪೂಜೆ ಮುಗಿದು ಜನರು ಚರ್ಚಿನ ಅಂಗಳದಲ್ಲಿ ಪರಸ್ಪರ ಕುಶಲ ವಿಚಾರಿಸುತ್ತ ನಿಂತಿದ್ದರು. ನಮ್ಮ ಪರಿಚಯದ ತಾಯಿಯೊಬ್ಬರು ಗುರುಗಳ ಬಳಿಗೆ ಬಂದು ತಮ್ಮ ಸಂಕಟವನ್ನು ತೋಡಿಕೊಂಡರು. ಅವರ ಹನ್ನೊಂದು ವರ್ಷದ ಮಗ ಶಾಲೆಯ ಗ್ರಂಥಾಲಯದಿಂದ ಹ್ಯಾರಿ ಪಾಟರ್ ಪುಸ್ತಕವೊಂದನ್ನು ತಂದು ಹಗಲಿರುಳೂ ಓದುತ್ತಿದ್ದನಂತೆ. ಮಾಟಮಂತ್ರದ ಪುಸ್ತಕ ಕ್ರೈಸ್ತರ ಮನೆಯಲ್ಲಿ ಇರಬಾರದೆಂದು ಪ್ರಾರ್ಥನಾ ಕೂಟದಲ್ಲಿ ಯಾರೋ ಹೇಳಿದ್ದನ್ನು ಕೇಳಿ ಆಕೆ ಅದನ್ನು ಬಚ್ಚಲೊಲೆಗೆ ಹಾಕಿಬಿಟ್ಟರು. ಶಾಲೆಗೆ ಪುಸ್ತಕದ ಬೆಲೆ ಕಟ್ಟಿದ್ದಾಯಿತು. ಆದರೆ ಅಂದಿನಿಂದ ಮಗ ತಾಯಿಯೊಡನೆ ಸರಿಯಾಗಿ ಮಾತನಾಡುತ್ತಿಲ್ಲ. ಉಳಿದ ಭಾಗವನ್ನು ಗೆಳೆಯನ ಮನೆಯಲ್ಲಿ ಕದ್ದು ಓದುತ್ತಿದ್ದಾನೆ. "ನಾನು ಮಾಡಿದ್ದು ಸರಿಯೋ ತಪ್ಪೋ, ನೀವೇ ಹೇಳಿ ಫಾದರ್" ಎಂದು ಆಕೆ ಕಣ್ಣೀರಿಟ್ಟರು.

ಗುರುಗಳು ಕೂಡಲೇ ಉತ್ತರಿಸಲಿಲ್ಲ. ತಾಯಿಯ ಸೆರಗು ಹಿಡಿದು ನಿಂತಿದ್ದ ಕಿರಿಯ ಮಗಳ ಕೊರಳಿನಲ್ಲಿ ಕಪ್ಪು ದಾರಕ್ಕೆ ಪೋಣಿಸಿದ ತಾಯಿತವೊಂದು ಇತ್ತು. "ಇದೇನಮ್ಮಾ?" ಎಂದು ಮೆಲ್ಲನೆ ಕೇಳಿದರು. "ಮಗು ರಾತ್ರಿ ಬೆಚ್ಚಿಬೀಳುತ್ತಿತ್ತು ಫಾದರ್. ಪಕ್ಕದ ಬೀದಿಯಲ್ಲಿ ಒಬ್ಬರು ಮಂತ್ರಿಸಿ ಕೊಟ್ಟರು" ಎಂದು ಆಕೆ ಹೇಳಿದರು. ತಮ್ಮ ಮಾತಿನಲ್ಲಿ ಯಾವ ವಿರೋಧವೂ ಆಕೆಗೆ ಕಾಣಲಿಲ್ಲ. ಈ ವಾರದ ನಮ್ಮ ಚಿಂತನೆಗೆ ಆ ಎರಡು ಮಾತುಗಳೇ ಪ್ರೇರಣೆ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಆ ತಾಯಿಯ ಆತಂಕ ನಗೆಪಾಟಲಿನ ವಿಷಯವಲ್ಲ. ಧರ್ಮೋಪದೇಶಕಾಂಡದ ಹದಿನೆಂಟನೆಯ ಅಧ್ಯಾಯವು ಕಣಿ ಹೇಳುವುದು, ಮಾಟ ಮಾಡುವುದು, ಸತ್ತವರ ಆತ್ಮಗಳನ್ನು ವಿಚಾರಿಸುವುದು ಇವೆಲ್ಲವನ್ನೂ ದೇವಪ್ರಜೆಗೆ ಖಂಡತುಂಡವಾಗಿ ನಿಷೇಧಿಸುತ್ತದೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಇದೇ ಬೋಧನೆಯನ್ನು ಎತ್ತಿಹಿಡಿದಿದೆ. ಗೂಢಶಕ್ತಿಗಳನ್ನು ಪಳಗಿಸಿ ತನ್ನ ಸೇವೆಗೆ ಹಚ್ಚಿಕೊಳ್ಳುವ ಪ್ರಯತ್ನವು, ರೋಗ ಗುಣಪಡಿಸುವ ಸದುದ್ದೇಶದಿಂದ ಮಾಡಿದರೂ, ದೈವಭಕ್ತಿಗೆ ತೀವ್ರವಾಗಿ ವಿರುದ್ಧವಾದುದೆಂದು ಅದರ 2117ನೆಯ ಪರಿಚ್ಛೇದ ತಿಳಿಸುತ್ತದೆ. ತಾಯಿತ ಧರಿಸುವುದನ್ನೂ ಅದೇ ಪರಿಚ್ಛೇದ ಖಂಡಿಸುತ್ತದೆ. ಜಾತಕ, ಹಸ್ತರೇಖೆ, ಶಕುನಗಳನ್ನು ನಂಬಿ ನಡೆಯುವುದು ಅದರ ಹಿಂದಿನ ಪರಿಚ್ಛೇದದಲ್ಲಿಯೇ ನಿರಾಕೃತವಾಗಿದೆ.

ಹಾಗಾದರೆ ಈ ನಿಷೇಧದ ಮರ್ಮವೇನು? ಪ್ರೇಷಿತರ ಕಾರ್ಯಕಲಾಪಗಳ ಎಂಟನೆಯ ಅಧ್ಯಾಯದಲ್ಲಿ ಬರುವ ಸಿಮೋನನು ಇದಕ್ಕೆ ಉತ್ತಮ ನಿದರ್ಶನ. ಸಮಾರಿಯದ ಜನರನ್ನು ತನ್ನ ಮಂತ್ರವಿದ್ಯೆಯಿಂದ ಬೆರಗುಗೊಳಿಸಿದ್ದ ಆತ, ಪ್ರೇಷಿತರ ಹಸ್ತನಿಕ್ಷೇಪದಿಂದ ಪವಿತ್ರಾತ್ಮರ ವರದಾನ ಲಭಿಸುವುದನ್ನು ಕಂಡು, ಆ ಅಧಿಕಾರವನ್ನು ತನಗೂ ಕೊಡಿರೆಂದು ಹಣ ನೀಡಲು ಬಂದ. ಸಂತ ಪೇತ್ರನು ಅವನನ್ನು ಕಟುವಾಗಿ ಗದರಿಸಿದನು. ದೇವರ ವರವನ್ನು ಕೊಳ್ಳಬಹುದೆಂದೂ, ಕೊಂಡ ಮೇಲೆ ಅದು ತನ್ನ ಕೈವಶವೆಂದೂ ಸಿಮೋನನು ಭಾವಿಸಿದ್ದ. ಅಲೌಕಿಕ ಶಕ್ತಿಯನ್ನು ತನ್ನ ಇಚ್ಛೆಗೆ ಬಗ್ಗಿಸಿಕೊಳ್ಳುವ ಈ ಹಂಬಲವೇ ಮಾಟದ ತಿರುಳು. ಪ್ರಾರ್ಥಿಸುವವನು ದೇವರ ಚಿತ್ತ ನೆರವೇರಲಿ ಎನ್ನುತ್ತಾನೆ; ಮಾಟಗಾರನು ತನ್ನ ಚಿತ್ತವೇ ನೆರವೇರಲಿ ಎನ್ನುತ್ತಾನೆ.

ಈ ವ್ಯತ್ಯಾಸವನ್ನು ಅರಿತರೆ, ಮಾಟ ಮಾಡುವುದು ಒಂದು, ಮಾಯೆಯ ಕತೆಯನ್ನು ಓದುವುದು ಮತ್ತೊಂದು ಎಂಬುದು ಮನವರಿಕೆಯಾಗುತ್ತದೆ. ಪವಿತ್ರ ಬೈಬಲೇ ಕಲ್ಪನೆಯ ಕತೆಗೆ ಅಂಜಿಲ್ಲ. ನ್ಯಾಯಸ್ಥಾಪಕರ ಗ್ರಂಥದಲ್ಲಿ ಯೋತಾಮನು ಹೇಳುವ ಕತೆಯಲ್ಲಿ ಮರಗಳು ಸಭೆ ಸೇರಿ ತಮಗೊಬ್ಬ ಅರಸನನ್ನು ಹುಡುಕುತ್ತವೆ. ಮರಗಳು ಮಾತನಾಡುವುದಿಲ್ಲವೆಂದು ಅಲ್ಲಿ ಯಾರೂ ಆಕ್ಷೇಪಿಸಲಿಲ್ಲ. ಅಧಿಕಾರದಾಹದ ಬಗೆಗಿನ ಎಚ್ಚರಿಕೆ ಕೇಳುಗರ ಎದೆಗೆ ನಾಟಬೇಕಾಗಿತ್ತು. ಪ್ರವಾದಿ ನಾತಾನನು ಬಡವನ ಕುರಿಮರಿಯ ಕತೆಯ ಮೂಲಕವೇ ದಾವೀದ ಅರಸನ ಅಂತಃಸಾಕ್ಷಿಯನ್ನು ಎಚ್ಚರಿಸಿದನು. ಪ್ರಭು ಯೇಸುವಂತೂ ಕತೆಗಳ ಮೂಲಕವೇ ಜನರಿಗೆ ಬೋಧಿಸಿದರು.

ನಾಲ್ಕನೆಯ ಶತಮಾನದಲ್ಲಿ, ಗ್ರೀಕರ ಪುರಾಣಕಾವ್ಯಗಳನ್ನು ಕ್ರೈಸ್ತ ತರುಣರು ಓದಬಹುದೇ ಎಂಬ ಪ್ರಶ್ನೆ ಎದ್ದಾಗ ಸಿಸೇರಿಯದ ಧರ್ಮಾಧ್ಯಕ್ಷರಾಗಿದ್ದ ಸಂತ ಬೆಸಿಲರು ತರುಣರಿಗಾಗಿಯೇ ಒಂದು ಪ್ರಬಂಧ ಬರೆದರು. ಜೇನುನೊಣವು ಎಲ್ಲ ಹೂವುಗಳಿಗೂ ಹೋಗುವುದಿಲ್ಲ, ಹೋದ ಹೂವಿನಿಂದಲೂ ತನಗೆ ಬೇಕಾದುದನ್ನಷ್ಟೇ ಹೀರುತ್ತದೆ. ಹಾಗೆಯೇ ಓದಿರಿ ಎಂಬುದು ಅವರ ಸಲಹೆಯ ಸಾರ. ಹದಿನಾರು ಶತಮಾನಗಳು ಕಳೆದರೂ ಇದಕ್ಕಿಂತ ಉತ್ತಮವಾದ ಸೂತ್ರ ನಮಗೆ ದೊರೆತಿಲ್ಲ.

ಈ ಸೂತ್ರ ನಮ್ಮ ನಾಡಿನವರಿಗೂ ಹೊಸದಲ್ಲ. ಏಳು ಸಮುದ್ರದಾಚೆ ಗಿಳಿಯಲ್ಲಿ ಪ್ರಾಣವನ್ನಿಟ್ಟ ರಾಕ್ಷಸನ ಕತೆಯನ್ನು ಅಜ್ಜಿಯ ಮಡಿಲಿನಲ್ಲಿ ಕೇಳದೆ ಬೆಳೆದವರು ನಮ್ಮಲ್ಲಿ ವಿರಳ. 1949ರಿಂದ ಕನ್ನಡದಲ್ಲಿ ಬರುತ್ತಿದ್ದು ಈಗ ನಿಂತುಹೋಗಿರುವ 'ಚಂದಮಾಮ'ದಲ್ಲಿ ವಿಕ್ರಮನ ಹೆಗಲೇರಿದ ಬೇತಾಳನ ಕತೆಗಾಗಿ ನಮ್ಮ ಹಿರಿಯರಲ್ಲಿ ಅನೇಕರು ತಿಂಗಳಿಡೀ ಕಾಯುತ್ತಿದ್ದರು. ಅದನ್ನು ಓದಿ ಅವರು ಸ್ಮಶಾನಕ್ಕೆ ಹೋಗಿ ಶವ ಹೊರಲಿಲ್ಲ. ಬೇತಾಳನು ಕೇಳುವ ನ್ಯಾಯ–ಅನ್ಯಾಯಗಳ ಪ್ರಶ್ನೆಗೆ ತಾವೂ ಉತ್ತರ ಹುಡುಕಿದರು. ದೇಶೀಯ ಕತೆಗೆ ಒಂದು ನ್ಯಾಯ, ಇಂಗ್ಲಿಷ್ ಕತೆಗೆ ಇನ್ನೊಂದು ನ್ಯಾಯ ಎನ್ನುವುದು ಉಚಿತವಲ್ಲ.

ಇಂಗ್ಲಿಷಿನ ಮಾಯಾಲೋಕದ ಕತೆಗಳಲ್ಲಿ ಅಗ್ರಗಣ್ಯವಾದುದನ್ನು ಬರೆದವರು ಶ್ರದ್ಧಾವಂತ ಕಥೋಲಿಕರೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಜೆ. ಆರ್. ಆರ್. ಟೋಲ್ಕಿನ್ ಅವರ ತಾಯಿ 1900ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿ, ಅದಕ್ಕಾಗಿ ಬಂಧುಗಳ ಆಸರೆಯನ್ನು ಕಳೆದುಕೊಂಡು, 1904ರಲ್ಲಿ ತೀರಿಕೊಂಡರು. ಆಗ ಹನ್ನೆರಡು ವರ್ಷದ ಬಾಲಕನಾಗಿದ್ದ ಅವರಿಗೆ ಪೋಷಕರಾಗಿ ನಿಂತವರು ಒಬ್ಬ ಕಥೋಲಿಕ ಗುರುಗಳು. ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಹೊರಬಂತು. ಇದು ಮೂಲತಃ ಕಥೋಲಿಕ ಕೃತಿಯೇ ಎಂದು ಅವರು ಯೇಸುಸಭೆಯ ಸ್ನೇಹಿತರೊಬ್ಬರಿಗೆ 1953ರಲ್ಲಿ ಬರೆದ ಪತ್ರದಲ್ಲಿ ತಿಳಿಸಿದ್ದರು.

ಆ ಕತೆಯ ಉಂಗುರವು ಧರಿಸಿದವನಿಗೆ ಅದೃಶ್ಯನಾಗುವ ಶಕ್ತಿಯನ್ನು ನೀಡಿ, ಕ್ರಮೇಣ ಅವನನ್ನೇ ದಾಸನನ್ನಾಗಿ ಮಾಡಿಕೊಳ್ಳುತ್ತದೆ. ಒಳಿತಿಗಾಗಿ ಬಳಸುತ್ತೇನೆಂದರೂ ಅದು ಬಳಸುವವನನ್ನು ಕೆಡಿಸುತ್ತದೆ. ಆದ್ದರಿಂದಲೇ ಜ್ಞಾನಿಯಾದ ಗ್ಯಾಂಡಾಲ್ಫ್ ಅದನ್ನು ತನ್ನದಾಗಿಸಿಕೊಳ್ಳಲು ಒಪ್ಪುವುದಿಲ್ಲ. ಕಟ್ಟಕಡೆಗೆ ನಾಯಕ ಫ್ರೋಡೋ ಕೂಡ ಅದನ್ನು ತ್ಯಜಿಸಲಾರದೆ ಸೋಲುತ್ತಾನೆ. ಹಿಂದೆ ಕನಿಕರದಿಂದ ಜೀವಸಹಿತ ಉಳಿಸಿದ್ದ ಒಂದು ದೀನ ಜೀವಿಯ ಮೂಲಕ ಉಂಗುರ ನಾಶವಾಗುತ್ತದೆ. ಆ ದಿನ ಮಾರ್ಚ್ 25, ಮಾತೆ ಮರಿಯಳಿಗೆ ಮಂಗಳವಾರ್ತೆಯಾದ ಹಬ್ಬದ ದಿನ. ಸಿಮೋನನ ಪಾಪ ಯಾವುದೆಂಬುದನ್ನು ಹದಿಹರೆಯದ ಮಗುವಿಗೆ ವಿವರಿಸಲು ಇದಕ್ಕಿಂತ ಸೊಗಸಾದ ಪಾಠವನ್ನು ಹುಡುಕುವುದು ಕಷ್ಟ.

ಹ್ಯಾರಿ ಪಾಟರ್ ಕತೆಗಳ ವಿಷಯದಲ್ಲಿ ಇಷ್ಟು ಸುಲಭವಾಗಿ ತೀರ್ಪು ನೀಡಲಾಗದು. 1997ರಿಂದ 2007ರವರೆಗೆ ಏಳು ಭಾಗಗಳಲ್ಲಿ ಬಂದ ಇವುಗಳ ಬಗ್ಗೆ ಧರ್ಮಸಭೆಯೊಳಗೇ ಎರಡು ಅಭಿಪ್ರಾಯಗಳಿವೆ. ಮುಂದೆ ಪೋಪ್ ಹದಿನಾರನೇ ಬೆನೆಡಿಕ್ಟ್ ಆದ ಕಾರ್ಡಿನಲ್ ರಾಟ್ಸಿಂಗರ್ ಅವರು, ಈ ಪುಸ್ತಕಗಳನ್ನು ಟೀಕಿಸಿದ್ದ ಜರ್ಮನ್ ಲೇಖಕಿಯೊಬ್ಬರಿಗೆ 2003ರಲ್ಲಿ ಬರೆದ ಪತ್ರದಲ್ಲಿ, ಇವುಗಳ ಸೂಕ್ಷ್ಮ ಆಕರ್ಷಣೆಯು ಎಳೆಯರ ವಿಶ್ವಾಸವನ್ನು ಅವರ ಅರಿವಿಲ್ಲದೆಯೇ ಕೆಡಿಸೀತೆಂಬ ಆತಂಕವನ್ನು ಒಪ್ಪಿದ್ದರು. ಅದೊಂದು ಖಾಸಗಿ ಪತ್ರವೇ ಹೊರತು ಧರ್ಮಸಭೆಯ ಆಜ್ಞೆಯಲ್ಲ. 2008ರಲ್ಲಿ ವ್ಯಾಟಿಕನ್ನಿನ ಪತ್ರಿಕೆ 'ಲೊಸ್ಸೆರ್ವಾತೋರೆ ರೊಮಾನೋ' ಪರ ಮತ್ತು ವಿರುದ್ಧವಾದ ಎರಡು ಲೇಖನಗಳನ್ನು ಒಟ್ಟಿಗೆ ಪ್ರಕಟಿಸಿ ಓದುಗರ ವಿವೇಚನೆಗೆ ಬಿಟ್ಟಿತು.

ಈ ಕತೆಗಳ ನಾಯಕನು ಹಿರಿಯರಿಗೆ ಸುಳ್ಳು ಹೇಳುವುದುಂಟು, ನಿಯಮ ಮುರಿದು ಮೆಚ್ಚುಗೆ ಗಳಿಸುವುದುಂಟು. ಮಂತ್ರದಂಡ ಬೀಸುವುದು ಇಲ್ಲಿ ಶಾಲೆಯ ಪಾಠವೇ ಆಗಿದೆ. ಇವು ನಿಜವಾದ ಆಕ್ಷೇಪಗಳು. ಆದರೆ ಮಗುವನ್ನು ಸಾವಿನಿಂದ ಕಾಪಾಡಿದ್ದು ಮಂತ್ರವಲ್ಲ, ತನ್ನ ಪ್ರಾಣವನ್ನೇ ಅಡ್ಡವಿಟ್ಟ ತಾಯಿಯ ಪ್ರೀತಿ ಎಂಬುದೇ ಇಡೀ ಕತೆಯ ತಳಹದಿ. ಸಾವಿಗೆ ಹೆದರಿ ಕೊಲೆಗಳ ಮೂಲಕ ತನ್ನ ಆತ್ಮವನ್ನೇ ತುಂಡರಿಸಿಕೊಳ್ಳುವ ಖಳನು ಕೊನೆಗೆ ನಾಶವಾಗುತ್ತಾನೆ. ನಾಯಕನ ತಂದೆತಾಯಿಯರ ಸಮಾಧಿಯ ಮೇಲೆ ಕೊರಿಂಥದವರಿಗೆ ಸಂತ ಪೌಲನು ಬರೆದ ಮೊದಲ ಪತ್ರದ ಹದಿನೈದನೆಯ ಅಧ್ಯಾಯದ ವಾಕ್ಯವನ್ನೇ ಲೇಖಕಿ ಕೆತ್ತಿಸಿದ್ದಾರೆ. ಮಗು ಒಂಟಿಯಾಗಿ ಓದಿದರೆ ಮಂತ್ರದಂಡವಷ್ಟೇ ನೆನಪಿನಲ್ಲಿ ಉಳಿದೀತು. ತಂದೆಯೋ ತಾಯಿಯೋ ಜೊತೆಯಲ್ಲಿ ಕುಳಿತು ಓದಿದರೆ ಆ ಸಮಾಧಿಯ ವಾಕ್ಯ ಎಲ್ಲಿಂದ ಬಂತೆಂದು ಬೈಬಲನ್ನು ತೆರೆದು ತೋರಿಸಬಹುದು.

ಆದುದರಿಂದ ಹೆತ್ತವರು ಯಾವುದೇ ಪುಸ್ತಕವನ್ನು ಮಗುವಿನ ಕೈಗೆ ಕೊಡುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಇಲ್ಲಿ ಒಳಿತು ಒಳಿತಾಗಿಯೂ ಕೆಡುಕು ಕೆಡುಕಾಗಿಯೂ ಕಾಣುತ್ತದೆಯೇ? ಶಕ್ತಿಯ ದುರಾಶೆ ಇಲ್ಲಿ ಸೋಲುತ್ತದೆಯೋ, ಗೆದ್ದು ಮೆರೆಯುತ್ತದೆಯೋ? ಇದನ್ನು ಓದಿದ ಮೇಲೆ ನನ್ನ ಮಗು ಹೆಚ್ಚು ಧೈರ್ಯಶಾಲಿಯೂ ಕರುಣಾಳುವೂ ಆಗಿದೆಯೇ, ಅಥವಾ ಕತ್ತಲಿಗೆ ಹೆದರಿ ಕುಗ್ಗಿದೆಯೇ? ಏಳು ವರ್ಷದ ಮಗುವಿಗೆ ಒಗ್ಗದ ಕತೆ ಹದಿಮೂರರ ಹುಡುಗನಿಗೆ ಒಗ್ಗಬಹುದು. ಎಲ್ಲ ಮಕ್ಕಳಿಗೂ ಒಂದೇ ಅಳತೆಗೋಲು ಸಲ್ಲದು.

ಕತೆಯ ಗಡಿಯನ್ನು ದಾಟಿ ಆಚರಣೆಗೆ ಇಳಿಯುವ ಸಂಗತಿಗಳಲ್ಲಿ ಮಾತ್ರ ರಾಜಿ ಕೂಡದು. ಹಾಸ್ಟೆಲಿನ ಕೋಣೆಯಲ್ಲಿ ಹಲಗೆಯ ಮೇಲೆ ಲೋಟ ಬೋರಲಿಟ್ಟು ಸತ್ತವರನ್ನು ಕರೆಯುವ ಪ್ಲಾಂಚೆಟ್ ಆಟ, ಮೊಬೈಲಿನಲ್ಲಿ ಇಸ್ಪೀಟಿನಂತಹ ಎಲೆಗಳನ್ನು ತಿರುವಿ ಭವಿಷ್ಯ ಹೇಳುವ ಚಟ ಇವು ಕತೆಗಳಲ್ಲ. ಧರ್ಮೋಪದೇಶಕಾಂಡವು ಹೆಸರಿಸಿ ನಿಷೇಧಿಸಿದ ಕಾರ್ಯಗಳೇ. ಇವುಗಳ ವಿಷಯದಲ್ಲಿ ಮಕ್ಕಳಿಗೆ ಬೇಡವೆಂದು ನೇರವಾಗಿ ಹೇಳಬೇಕು, ಏಕೆಂಬುದನ್ನೂ ತಿಳಿಸಬೇಕು.

ಪುಸ್ತಕ ಸುಡುವವರು ಎಫೆಸದ ಘಟನೆಯನ್ನು ಉದಾಹರಿಸುವುದುಂಟು. ಆದರೆ ಪ್ರೇಷಿತರ ಕಾರ್ಯಕಲಾಪಗಳ ಹತ್ತೊಂಬತ್ತನೆಯ ಅಧ್ಯಾಯವನ್ನು ಗಮನವಿಟ್ಟು ಓದಬೇಕು. ಅಲ್ಲಿ ಐವತ್ತು ಸಾವಿರ ಬೆಳ್ಳಿನಾಣ್ಯ ಬೆಲೆಯ ಗ್ರಂಥಗಳನ್ನು ಸುಟ್ಟವರು ಸ್ವತಃ ಮಾಟ ಮಾಡುತ್ತಿದ್ದವರು. ಸುಟ್ಟಿದ್ದು ತಮ್ಮ ಸ್ವಂತ ವೃತ್ತಿಯ ಗ್ರಂಥಗಳನ್ನು, ತಮ್ಮದೇ ಪಶ್ಚಾತ್ತಾಪದಿಂದ. ಮಕ್ಕಳ ಕತೆಪುಸ್ತಕಗಳನ್ನು ಕಸಿದು ಸುಟ್ಟರೆಂದು ಅಲ್ಲಿ ಬರೆದಿಲ್ಲ. 2019ರಲ್ಲಿ ಪೋಲೆಂಡಿನ ಧರ್ಮಕೇಂದ್ರವೊಂದರಲ್ಲಿ ಹ್ಯಾರಿ ಪಾಟರ್ ಪುಸ್ತಕವನ್ನೂ ಸೇರಿಸಿ ಸುಟ್ಟ ಗುರುಗಳು ಅನಂತರ ಕ್ಷಮೆ ಯಾಚಿಸಬೇಕಾಯಿತು.

ಎಫೆಸದವರ ಮಾದರಿಯನ್ನು ಅನುಸರಿಸುವುದಾದರೆ ನಾವು ಮೊದಲು ಹುಡುಕಬೇಕಾದುದು ಮಕ್ಕಳ ಪುಸ್ತಕದ ಕಪಾಟನ್ನಲ್ಲ, ನಮ್ಮ ಹೊಸ್ತಿಲನ್ನು. ವಾಹನದ ಮುಂದೆ ತೂಗುವ ನಿಂಬೆಹಣ್ಣು–ಮೆಣಸಿನಕಾಯಿ, ಮಗುವಿನ ಸೊಂಟದ ಮಂತ್ರಿಸಿದ ದಾರ, ಮದುವೆಗೆ ಮುನ್ನ ಗುಟ್ಟಾಗಿ ಹೊಂದಿಸುವ ಜಾತಕ ಇವು ಕ್ರೈಸ್ತ ಕುಟುಂಬಗಳಲ್ಲಿ ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೇ? ಬಸ್ ನಿಲ್ದಾಣದ ಗೋಡೆಗಳ ಮೇಲೆ ವಶೀಕರಣದ ಜಾಹೀರಾತು ಅಂಟಿಸುವವರು ಜನರ ಭಯವನ್ನೇ ಬಂಡವಾಳ ಮಾಡಿಕೊಂಡಿದ್ದಾರೆ. ಅಮಾನವೀಯ ಆಚರಣೆಗಳನ್ನೂ ಮಾಟಮಂತ್ರವನ್ನೂ ತಡೆಯಲು ಕರ್ನಾಟಕ ವಿಧಾನಮಂಡಲವು 2017ರಲ್ಲಿ ಮಸೂದೆಯೊಂದನ್ನು ಅಂಗೀಕರಿಸಬೇಕಾಯಿತೆಂದರೆ, ನಮ್ಮ ಸಮಾಜಕ್ಕೆ ಅಪಾಯ ಬಂದಿರುವುದು ಕತೆಪುಸ್ತಕಗಳಿಂದಲ್ಲ ಎಂಬುದು ವಿದಿತವಾಗುತ್ತದೆ. ಕತೆ ಕತೆಯೆಂದು ಮಗುವಿಗೆ ಗೊತ್ತು. ಆದರೆ ತಾಯಿ ಕಟ್ಟಿದ ತಾಯಿತವನ್ನು ಅದು ಸತ್ಯವೆಂದೇ ನಂಬುತ್ತದೆ.

ಆ ಭಾನುವಾರ ಗುರುಗಳು ತಾಯಿಗೆ ನೀಡಿದ ಸಲಹೆ ಸರಳವಾಗಿತ್ತು. "ಮಗನಿಗೆ ಅದೇ ಪುಸ್ತಕವನ್ನು ಕೊಂಡು ಕೊಡಿ, ಸುಟ್ಟಿದ್ದು ತಪ್ಪಾಯಿತೆಂದು ಹೇಳಿ. ರಾತ್ರಿ ಊಟವಾದ ಮೇಲೆ ಜಪಸರ ಮುಗಿಸಿ, ಅವನಿಂದಲೇ ಒಂದೊಂದು ಅಧ್ಯಾಯ ಗಟ್ಟಿಯಾಗಿ ಓದಿಸಿ ಕೇಳಿ. ಮಗಳ ಕೊರಳಿನ ತಾಯಿತ ಬಿಚ್ಚಿ. ಅವಳು ಬೆಚ್ಚಿಬಿದ್ದರೆ ಹಣೆಗೆ ಶಿಲುಬೆಯ ಗುರುತು ಹಾಕಿ ಅವಳ ಪಕ್ಕದಲ್ಲಿ ಮಲಗಿ. ಮತ್ತೂ ಹಾಗೆಯೇ ಆದರೆ ವೈದ್ಯರಿಗೆ ತೋರಿಸಿ" ಎಂದರು.

ಈ ಸಲಹೆ ಆ ಒಂದು ಮನೆಗೆ ಮಾತ್ರ ಸೀಮಿತವಲ್ಲ. ಮಕ್ಕಳ ಓದಿನ ಮೇಲೆ ಕಣ್ಣಿಡುವುದು ಹೆತ್ತವರ ಹಕ್ಕೂ ಹೌದು, ಕರ್ತವ್ಯವೂ ಹೌದು. ಆದರೆ ಕಣ್ಣಿಡುವುದಕ್ಕೆ ಬಿಡುವು ಬೇಕು, ಜೊತೆಯಲ್ಲಿ ಕುಳಿತು ಓದುವ ತಾಳ್ಮೆ ಬೇಕು. ಪವಿತ್ರ ಗ್ರಂಥದ ಕತೆಗಳನ್ನೂ ಸಂತರ ಜೀವನಗಳನ್ನೂ ಅಷ್ಟೇ ರಸವತ್ತಾಗಿ ಮಕ್ಕಳಿಗೆ ಹೇಳಬೇಕು. ಈ ಬೇಸಿಗೆ ರಜೆಯಲ್ಲಿ ನಮ್ಮ ಕುಟುಂಬಗಳು ದಿನಕ್ಕೆ ಅರ್ಧ ಗಂಟೆಯನ್ನಾದರೂ ಇದಕ್ಕಾಗಿ ಮೀಸಲಿಡಲಿ ಎಂಬುದೇ ನಮ್ಮ ಹಾರೈಕೆ.