ಬೆಟ್ಟದ ಹಾದಿಯಲ್ಲಿ ಹಿಂದೆ ಉಳಿದವನು



ಹೋಳಿ ಹುಣ್ಣಿಮೆ ಮುಗಿಯಿತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಾದಿಗಳಲ್ಲಿ ಕಂಬಿ ಹೊತ್ತ ಭಕ್ತರ ಸಾಲು ಕಾಣತೊಡಗುತ್ತದೆ. ಯುಗಾದಿಯ ಹೊತ್ತಿಗೆ ಶ್ರೀಶೈಲವನ್ನು ಸೇರಬೇಕೆಂಬುದು ಅವರ ಹಂಬಲ. ಭ್ರಮರಾಂಬೆಯನ್ನು ತಮ್ಮ ಮನೆಯ ಮಗಳೆಂದೂ ಮಲ್ಲಯ್ಯನನ್ನು ಅಳಿಯನೆಂದೂ ಭಾವಿಸುವ ನಮ್ಮ ತಾಯಂದಿರು ಸೀರೆ, ಖಣ, ಬಳೆಗಳನ್ನು ಗಂಟು ಕಟ್ಟಿಕೊಂಡು ಹೊರಡುತ್ತಾರೆ. ದಾರಿಯುದ್ದಕ್ಕೂ ಊರ ಜನರು ಮಜ್ಜಿಗೆ, ಅನ್ನ, ಕಾಲಿಗೆ ತಿಕ್ಕಲು ಎಣ್ಣೆ ಇಟ್ಟುಕೊಂಡು ಕಾದಿರುತ್ತಾರೆ.

ಅಂಗೈಯಲ್ಲಿ ಇಷ್ಟಲಿಂಗವಿರುವಾಗ ಬೆಟ್ಟವನ್ನೇಕೆ ಹತ್ತಬೇಕು ಎಂದು ನಮ್ಮ ಮನೆಗಳ ಕಿರಿಯರು ಕೇಳುವುದುಂಟು. ಪ್ರಶ್ನೆ ತಪ್ಪಲ್ಲ. ಸ್ಥಾವರಕ್ಕಿಂತ ಜಂಗಮವೇ ಹಿರಿದೆಂದು ಸಾರಿದ ಬಸವಣ್ಣನವರು ಹುಟ್ಟಿದ ನೆಲ ನಮ್ಮದು. ಈ ಪ್ರಶ್ನೆಗೆ ನಮಗೆ ಉತ್ತರ ದೊರೆತದ್ದು ಗ್ರಂಥದಲ್ಲಲ್ಲ, ಬೆಟ್ಟದ ಮೆಟ್ಟಿಲುಗಳ ಮೇಲೆ. ಅದೂ ನಮ್ಮ ತಪ್ಪಿನಿಂದ.

ಕೆಲವು ವರ್ಷಗಳ ಹಿಂದೆ ನಾವು ನಾಲ್ವರು ಗೆಳೆಯರು ರಜೆ ಹಾಕಿ ಪಾದಯಾತ್ರೆ ಹೊರಟೆವು. ಒಬ್ಬರು ಇಂಡಿಯ ನಿಂಬೆ ತೋಟದವರು, ಇನ್ನೊಬ್ಬರು ಮುದ್ದೇಬಿಹಾಳದ ಅರಿವೆ ಅಂಗಡಿಯವರು, ಮತ್ತೊಬ್ಬರು ಸಿಂದಗಿಯ ಮಾಸ್ತರರು, ನಾವು ಬಾಗೇವಾಡಿಯವರು. ಒಂದೇ ವಸತಿಗೃಹದಲ್ಲಿದ್ದು ಓದಿದವರು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಮಾದಲಿಯ ಬುತ್ತಿ ಕಟ್ಟಿಕೊಂಡು ತಂಗಡಗಿಯಲ್ಲಿ ಕೃಷ್ಣೆಯನ್ನು ದಾಟಿ, ರಾಯಚೂರು ಸೀಮೆಯನ್ನು ಹಾಯ್ದು, ಕರ್ನೂಲಿನ ಆಚೆ ಆತ್ಮಕೂರನ್ನು ಸೇರಿದಾಗ 11 ದಿನಗಳು ಕಳೆದಿದ್ದವು. ಅಲ್ಲಿಂದ ಮುಂದೆ ನಲ್ಲಮಲೆಯ ಅಡವಿ. ನಾಗಲೂಟಿಯ ವೀರಭದ್ರನಿಗೆ ಕೈಮುಗಿದು, ಪೆದ್ದಚೆರುವಿನ ದಂಡೆಯಲ್ಲಿ ತಂಗಿ, ಭೀಮನ ಕೊಳ್ಳಕ್ಕೆ ಇಳಿದರೆ ಎದುರಿಗೆ ಕೈಲಾಸ ದ್ವಾರದ ಏರು. ರೆಡ್ಡಿ ಅರಸರಲ್ಲಿ ಮೊದಲಿಗನಾದ ಪ್ರೋಲಯ ವೇಮಾರೆಡ್ಡಿಯು 14ನೇ ಶತಮಾನದಲ್ಲಿ ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದನೆಂದು ಇತಿಹಾಸ ಹೇಳುತ್ತದೆ. ಮೆಟ್ಟಿಲಿದ್ದರೂ ಆ ಏರು ಎದೆಗೆ ಎದೆ ಕೊಟ್ಟು ನಿಂತಂತೆಯೇ ಇದೆ.

ಬೆಟ್ಟವನ್ನು ಪವಿತ್ರವೆಂದು ಹತ್ತುವುದು ನಮ್ಮಲ್ಲಿ ಮಾತ್ರವಲ್ಲ. ಜಪಾನಿನ ಫ್ಯೂಜಿ ಪರ್ವತ 3776 ಮೀಟರ್ ಎತ್ತರದ್ದು. ಅಲ್ಲಿಯ ಯಾತ್ರಿಕರು ಬಿಳಿಯ ಉಡುಪು ತೊಟ್ಟು, ಕೋಲು ಹಿಡಿದು, ಕಣ್ಣು, ಕಿವಿ, ಮೂಗು, ನಾಲಿಗೆ, ದೇಹ, ಮನ ಈ ಆರೂ ಶುದ್ಧವಾಗಲೆಂಬ ಅರ್ಥದ ಮಂತ್ರವನ್ನು ಹೇಳುತ್ತ ಹತ್ತುವ ಸಂಪ್ರದಾಯವುಂಟು. ಆದರೆ 1872ರವರೆಗೆ ಹೆಣ್ಣುಮಕ್ಕಳಿಗೆ ಅದರ ಶಿಖರಕ್ಕೆ ಹೋಗಲು ಅನುಮತಿ ಇರಲಿಲ್ಲ. ನಮ್ಮ ಅಕ್ಕಮಹಾದೇವಿಯಾದರೋ 12ನೇ ಶತಮಾನದಲ್ಲಿಯೇ ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ಒಬ್ಬಳೇ ನಡೆದವಳು. ಇದನ್ನೆಲ್ಲ ನಾವು ಅಭಿಮಾನದಿಂದ ಮಾತಾಡಿಕೊಳ್ಳುತ್ತಲೇ ಆ ಏರನ್ನು ಹತ್ತತೊಡಗಿದೆವು.

ಮಾಸ್ತರರಿಗೆ ಸಕ್ಕರೆ ರೋಗ. ಅಂಗಾಲಿನಲ್ಲಿ ಬೊಬ್ಬೆ ಎದ್ದಿದ್ದವು. "ನೀವು ನಡೀರಿ, ನಾ ಹಿಂದಿಂದ ಬರ್ತೀನಿ" ಎಂದರು. ಬಿಸಿಲೇರುವ ಮುನ್ನ ಮೇಲೆ ಸೇರಬೇಕೆಂಬ ಆತುರದಲ್ಲಿ ನಾವು ಮೂವರೂ ಆ ಮಾತನ್ನೇ ಅಪ್ಪಣೆಯೆಂದು ತಿಳಿದೆವು. ಕೈಲಾಸ ದ್ವಾರವನ್ನು ಮುಟ್ಟಿ ಜಯಘೋಷ ಮಾಡಿ ತಿರುಗಿ ನೋಡಿದರೆ ಮಾಸ್ತರರಿಲ್ಲ. ಒಂದು ಗಳಿಗೆ ಕಾದೆವು, ಬರಲಿಲ್ಲ. ಆಗ ಹೊಳೆಯಿತು: ಅವರ ಪಾಲಿನ ನೀರು, ನಿಂಬೆಹಣ್ಣು, ಸಕ್ಕರೆ ಎಲ್ಲವೂ ನಮ್ಮ ಹೆಗಲ ಚೀಲದಲ್ಲಿಯೇ ಇದ್ದವು.

ಎದೆ ನಡುಗಿತು. ಬಂದ ಮೆಟ್ಟಿಲುಗಳನ್ನೇ ಇಳಿದೆವು. ಅರ್ಧ ಹಾದಿಯಲ್ಲಿ ಮರದ ನೆರಳಿಗೆ ಮಾಸ್ತರರು ಒರಗಿ ಕುಳಿತಿದ್ದರು. ಮೈಯೆಲ್ಲ ಬೆವೆತು ತಣ್ಣಗಾಗಿತ್ತು. ಬರಿಗಾಲಿನ ಮುದುಕಿಯೊಬ್ಬಳು ತನ್ನ ಗಂಟಿನಿಂದ ಬೆಲ್ಲ ತೆಗೆದು ತಿನ್ನಿಸಿ, ತನ್ನ ತಂಬಿಗೆಯ ನೀರು ಕುಡಿಸಿ, ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಅವಳ ಊರ ಮಂದಿ ಆಗಲೇ ಮುಂದೆ ಹೋಗಿದ್ದರು. "ನಿಮ್ಮವರ ಕೂಡ ಹೋಗಲಿಲ್ಲೇನವ್ವಾ?" ಎಂದು ಕೇಳಿದೆವು. ಅವಳು ನಕ್ಕು, "ಮಲ್ಲಯ್ಯ ಎಲ್ಲಿ ಓಡಿ ಹೋಗ್ತಾನೊ ಯಪ್ಪಾ? ಅಂವ ಅಲ್ಲೇ ಇರ್ತಾನ. ಕುಂತ ಮನಷ್ಯಾಗ ಮೊದಲ ನೀರ ಕುಡಸಬೇಕು" ಎಂದಳು. ನಾವು ತಲೆ ತಗ್ಗಿಸಿದೆವು.

ಆಗ ನೆನಪಾದದ್ದು ಸೊನ್ನಲಿಗೆಯ ಸಿದ್ಧರಾಮನ ಕಥೆ. ದನ ಕಾಯುವ ಬಾಲಕನ ಬಳಿಗೆ ಮಲ್ಲಯ್ಯನು ಜಂಗಮ ವೇಷದಲ್ಲಿ ಬಂದು ಮಜ್ಜಿಗೆಯನ್ನ ಬೇಡಿದನು. ಬಾಲಕನು ಅದನ್ನು ತರುವಷ್ಟರಲ್ಲಿ ಕಾಣದಾದನು. ಹುಡುಕುತ್ತ ಶ್ರೀಶೈಲಕ್ಕೆ ಬಂದ ಸಿದ್ಧರಾಮನಿಗೆ ಜನ ಗುಡಿಯ ಲಿಂಗವನ್ನು ತೋರಿದರೆ, ಇವನು ತನ್ನ ಮಲ್ಲಯ್ಯನಲ್ಲವೆಂದನಂತೆ. ಹಸಿದು ಬಂದು ಅನ್ನ ಕೇಳಿದವನನ್ನೇ ಅವನು ಹುಡುಕುತ್ತಿದ್ದನು. ನಾವಾದರೋ ಬಾಯಾರಿದವನನ್ನು ಹಿಂದೆ ಬಿಟ್ಟು ಗುಡಿಯ ಕಡೆಗೆ ಓಡಿದ್ದೆವು. ಕಾಲು ಬೆಟ್ಟ ಹತ್ತಿತ್ತು. ಮನಸ್ಸು ಕೊಳ್ಳದಲ್ಲಿಯೇ ಉಳಿದಿತ್ತು.

ಇಳಿಹೊತ್ತಿನಲ್ಲಿ ಮಾಸ್ತರರು ಎದ್ದರು. ಈ ಸಲ ಅವರನ್ನು ಮುಂದೆ ಬಿಟ್ಟು, ಅವರ ಹೆಜ್ಜೆಗೆ ನಮ್ಮ ಹೆಜ್ಜೆ ಕೂಡಿಸಿ ಹತ್ತಿದೆವು. ಮುದುಕಿಯ ಗಂಟನ್ನು ಇಂಡಿಯ ಗೆಳೆಯರು ಹೊತ್ತರು. ಕೈಲಾಸ ದ್ವಾರದಲ್ಲಿ ನಿಂಬೆಯ ಶರಬತ್ತು ಮಾಡಿ ಮೊದಲ ಲೋಟವನ್ನು ಅವಳಿಗೆ ಕೊಟ್ಟೆವು. ಅವಳು ಅದನ್ನು ಮಾಸ್ತರರ ಕೈಗೆ ಇಟ್ಟಳು.

ಬರುವ ಯುಗಾದಿಗೆ ಹೊರಡುವ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ನೀರನ್ನೂ ಬೆಲ್ಲವನ್ನೂ ಒಬ್ಬರ ಚೀಲದಲ್ಲಿ ಇಡಬೇಡಿರಿ, ಪ್ರತಿಯೊಬ್ಬರೂ ಹೊತ್ತಿರಲಿ. ಸಕ್ಕರೆ ರೋಗ, ರಕ್ತದೊತ್ತಡ ಇದ್ದವರು ವೈದ್ಯರನ್ನು ಕೇಳಿ, ಗುಳಿಗೆಗಳೊಂದಿಗೆ ಹೊರಡಿರಿ. ಆ ಅಡವಿ ಹುಲಿಗಳ ಮನೆ. ಪ್ಲಾಸ್ಟಿಕ್ ಬಾಟಲಿ, ಚೀಲಗಳನ್ನು ಅಲ್ಲಿ ಬಿಸಾಡದೆ ಮರಳಿ ತನ್ನಿರಿ. ಎಲ್ಲಕ್ಕೂ ಮಿಗಿಲಾಗಿ, ನಿಮ್ಮ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಡಿರಿ.

ಬೆಟ್ಟವನ್ನೇಕೆ ಹತ್ತಬೇಕೆಂದು ಕೇಳುವ ಮಕ್ಕಳಿಗೆ ನಾವು ಈಗ ಹೇಳುವುದಿದು: ಜೊತೆಗಾರನಲ್ಲಿ ಜಂಗಮವನ್ನು ಕಾಣುವುದಾದರೆ ಹತ್ತಿರಿ, ಕಾಣದಿದ್ದರೆ ಮನೆಯಲ್ಲಿಯೇ ಇದ್ದು, ಬಾಗಿಲ ಮುಂದೆ ಹಾಯುವ ಪಾದಯಾತ್ರಿಗೆ ಒಂದು ತಂಬಿಗೆ ಮಜ್ಜಿಗೆ ಕೊಡಿರಿ. ಶ್ರೀಶೈಲ ಅಲ್ಲಿಗೇ ಬರುತ್ತದೆ.